ನಲವತ್ತೇಳನೇ ತಳಿ

ಎಡಗೈ ಚಿಮಟದಲ್ಲಿ ಹುಳದ ಬಾಲ, ಬಲಗೈ ಚಿಮಟದಲ್ಲಿ ಅದರ ಬಾಯಿಯ ಕಪ್ಪು ಕೊಕ್ಕೆ. ಎಳೆದೆ. ಚರ್ಮ ಕಾಲುಚೀಲದ ಹಾಗೆ ಕಳಚಿಕೊಂಡಿತು. ಗಾಜಿನ ಮೇಲಿನ ಉಪ್ಪುನೀರಿನ ಹನಿಯಲ್ಲಿ ಕೊಬ್ಬು ಚದುರಿ, ಕರುಳು ಸುರುಳಿ ಬಿಚ್ಚಿ, ಅವೆರಡರ ನಡುವಿನಿಂದ ಅದು ಹೊರಗೆ ಬಂತು. ಬಾಲ ಆಡಿಸುತ್ತಿತ್ತು.

ಇದು ಹನ್ನೊಂದನೆಯದು. ಹನ್ನೊಂದಕ್ಕೆ ಹನ್ನೊಂದೂ ಜೀವಂತ.

ಹನ್ನೆರಡನೆಯ ಹುಳ ತೆಗೆದುಕೊಂಡೆ. ಅದರೊಳಗಿನದೂ ಜೀವಂತ. ಸೀಸೆಗೆ ಅಂಟಿಸಿದ ಚೀಟಿಯನ್ನು ಮತ್ತೊಮ್ಮೆ ಓದಿದೆ. ನಲವತ್ತೇಳು ಎಂದೇ ಇತ್ತು, ಅಕ್ಷರವೂ ನನ್ನದೇ.

ಹುಳ ಎಂದರೆ ಹಣ್ಣುನೊಣದ ಮರಿ, ಅಕ್ಕಿಕಾಳಿಗಿಂತ ಚಿಕ್ಕದು. ಅದರೊಳಗೆ ಬಾಲ ಆಡಿಸುತ್ತಿದ್ದದ್ದು ಕಣಜದ ಮರಿ. ಈ ಕಣಜ ಮನುಷ್ಯರನ್ನು ಕಚ್ಚುವ ಜಾತಿಯದಲ್ಲ. ಸೊಳ್ಳೆಗಿಂತ ಸಣ್ಣ ಕಪ್ಪು ಪ್ರಾಣಿ. ನೊಣದ ಮರಿಯನ್ನು ಹುಡುಕಿ, ಸೂಜಿ ಚುಚ್ಚಿ, ಒಳಗೆ ಒಂದು ಮೊಟ್ಟೆ ಇಟ್ಟು ಹೋಗುತ್ತದೆ. ಮೊಟ್ಟೆ ಒಡೆದು ಬಂದದ್ದು ನೊಣವನ್ನು ಒಳಗಿನಿಂದ ತಿನ್ನುತ್ತದೆ. ಮೂರು ವಾರ ಕಳೆದು ನೊಣದ ಗೂಡಿನಿಂದ ನೊಣದ ಬದಲು ಕಣಜ ಹೊರಗೆ ಬರುತ್ತದೆ. ನೊಣವೂ ಸುಮ್ಮನೆ ಇರುವುದಿಲ್ಲ. ಅದರ ರಕ್ತಕಣಗಳು ಮೊಟ್ಟೆಯನ್ನು ಮುತ್ತಿ, ಪದರ ಪದರವಾಗಿ ಸುತ್ತಿಕೊಂಡು, ಉಸಿರು ಕಟ್ಟಿಸುತ್ತವೆ. ಗೆದ್ದ ನೊಣದ ಹೊಟ್ಟೆಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಉಳಿಯುತ್ತದೆ. ಚರ್ಮದ ಮೇಲಿನಿಂದಲೇ ಕಾಣುತ್ತದೆ. ನಾನು ಏಳು ವರ್ಷದಿಂದ ಎಣಿಸುತ್ತಿರುವುದು ಈ ಚುಕ್ಕೆಗಳನ್ನು.

ನಲವತ್ತೇಳನೇ ತಳಿಯಲ್ಲಿ ಚುಕ್ಕೆ ಇರಲಿಲ್ಲ. ಆದರೂ ಕಣಜ ಸಾಯುತ್ತಿತ್ತು. ಆ ವರ್ಷ ಸೆಪ್ಟೆಂಬರಿನಲ್ಲಿ ಮೊದಲ ಸಲ ಕಂಡಾಗ ನಾನೇ ಏನೋ ತಪ್ಪು ಮಾಡಿರಬೇಕು ಅಂದುಕೊಂಡೆ. ಸತ್ತ ಕಣಜದ ಮರಿ ಬೆಳ್ಳಗೆ ಬಿದ್ದಿತ್ತು, ಹೊಟ್ಟೆಯೊಳಗಿನದೆಲ್ಲ ಹಿಂಬದಿಯಿಂದ ಹೊರಬಂದು, ಒಳಗು ಹೊರಗಾಗಿ ತಿರುಗಿಸಿದ ಕೈಚೀಲದ ಹಾಗೆ. ಅದರ ಸುತ್ತ ಒಂದು ರಕ್ತಕಣವೂ ಇರಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಮಾಡಿದೆ. ಹತ್ತರಲ್ಲಿ ಎಂಟು ಹಾಗೇ ಸತ್ತಿದ್ದವು. ಪಕ್ಕದ ಸೀಸೆಗಳ ಸಾಮಾನ್ಯ ತಳಿಯಲ್ಲಿ ಹತ್ತರಲ್ಲಿ ಒಂದು. ನಲವತ್ತೇಳರಲ್ಲಿ ಒಂದು ಜೀನು ಮುರಿದಿತ್ತು, ಮುರಿದವಳು ನಾನೇ. ಆ ಜೀನು ಹೋದರೆ ನೊಣದ ರಕ್ತದಲ್ಲಿ ಪರಾವಲಂಬಿಯನ್ನು ಕೊಲ್ಲುವ ಏನೋ ಒಂದು ಹರಿಯುತ್ತದೆ ಎಂದು ಬರೆದೆ. ಕೊನೆಯ ಪುಟದಲ್ಲಿ ಸೊಳ್ಳೆಯನ್ನೂ ತಂದೆ. ಸೊಳ್ಳೆಗೂ ರಕ್ತಕಣಗಳಿವೆ, ಮಲೇರಿಯಾದ ಜೀವಾಣು ಅದರ ಮೈಯಲ್ಲೂ ಪರಾವಲಂಬಿಯೇ. ಹಾಗೆ ಬರೆಯದಿದ್ದರೆ ನೊಣದ ವಿಚಾರ ಯಾರು ಓದುತ್ತಾರೆ?

ಪತ್ರಿಕೆಯವರು ಹಸ್ತಪ್ರತಿಯನ್ನು ಇಬ್ಬರು ತಜ್ಞರಿಗೆ ಕಳಿಸಿದರು. ಒಬ್ಬರು ಹೊಗಳಿದರು. ಇನ್ನೊಬ್ಬರು, ಹೆಚ್ಚು ಸೀಸೆಗಳೊಂದಿಗೆ ಇನ್ನೊಂದು ಸಲ ಮಾಡಿ ತೋರಿಸಲಿ ಎಂದರು. ಆ ಇನ್ನೊಂದು ಸಲ ಇದು. ಅರವತ್ತು ಸೀಸೆ. ನಾನು ಮೊದಲನೆಯದರಲ್ಲೇ ಇದ್ದೆ.

"ಬೊರೋಕಾ, ಸಾಯ್ತಾ ಇದಾವಾ?"

ಪ್ರೊಫೆಸರ್ ಹೊರ್ಕಾಯ್ ಬಾಗಿಲಲ್ಲಿ ನಿಂತಿದ್ದರು, ಕಾಗದದ ತಟ್ಟೆಯಲ್ಲಿ ಪೊಗಾಚ ಎಂಬ ಉಪ್ಪು ಬನ್ನು ಹಿಡಿದುಕೊಂಡು. ಅವತ್ತು ಗೇಟು ಕಾಯುವ ಅಂದ್ರಾಶನ ಹೆಸರಿನ ದಿನ, ಅವನ ಹೆಸರಿನ ಸಂತನ ಹಬ್ಬ. ಅವನ ಹೆಂಡತಿ ಇಡೀ ಕಟ್ಟಡಕ್ಕಾಗುವಷ್ಟು ಹಂದಿಕೊಬ್ಬಿನ ಪೊಗಾಚ ಸುಟ್ಟು ಕಳಿಸಿದ್ದಳು.

"ಈಗಿನ್ನೂ ಶುರು ಮಾಡಿದೀನಿ ಸರ್."

"ಬೇಗ ಮುಗಿಸು. ಗುರುವಾರ ಅಂದ್ರೆ ಈ ಗುರುವಾರ ಅಲ್ಲ, ಮುಂದಿನದೂ ಅಲ್ಲ, ಅದರಾಚೆ ಗುರುವಾರ. ಸಂದರ್ಶನಕ್ಕೆ ಐದು ಜನ ಕೂತಿರ್ತಾರೆ. ಆ ಜೇನುನೊಣದವನು ಬುಡಾಪೆಸ್ಟಿಂದ ಬಣ್ಣಬಣ್ಣದ ಚಿತ್ರ ತರ್ತಾನೆ. ನಿನ್ನ ಹತ್ರ ಇರೋದು ಈ ಸತ್ತ ಕಣಜ ಒಂದೇ." ತಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟರು. "ತಿನ್ನು. ಮುಖ ನೋಡು, ನಿನ್ನನ್ನೇ ಯಾರೋ ಚುಚ್ಚಿ ಹೋದ ಹಾಗಿದೆ."

ಅವರು ಹೇಳಿದ್ದು ನಿಜ. ಸಂಸ್ಥೆಯಲ್ಲಿ ಒಂದೇ ಒಂದು ಕಾಯಂ ಜಾಗ ಖಾಲಿಯಿತ್ತು: ಸ್ವಂತ ತಂಡ, ಎರಡು ಕೋಣೆ, ಬಾಗಿಲ ಮೇಲೆ ಸ್ವಂತ ಹೆಸರು. ಅಭ್ಯರ್ಥಿಗಳು ಇಬ್ಬರು. ನನ್ನ ಕರಾರು ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯುತ್ತಿತ್ತು, ಅದು ನನ್ನ ಮೂರನೆಯ ಕರಾರು, ನಾಲ್ಕನೆಯದನ್ನು ನಿಯಮ ಬಿಡುವುದಿಲ್ಲ. ನನಗೆ ಮೂವತ್ತೇಳು. ಈ ಜಾಗ ಸಿಕ್ಕರೆ ಸಾಯುವವರೆಗೆ ಈ ಚುಕ್ಕೆಗಳನ್ನು ಎಣಿಸಬಹುದು. ಸಿಗದಿದ್ದರೆ ಕೀಟನಾಶಕ ಮಾರುವ ಕೆಲಸ ಇದ್ದೇ ಇತ್ತು, ನನ್ನ ಜೊತೆ ಓದಿದವರು ಅರ್ಧಕ್ಕರ್ಧ ಅಲ್ಲೇ ಇದ್ದಾರೆ.

ಸಂಜೆ ಆರರ ಹೊತ್ತಿಗೆ ಇಪ್ಪತ್ತು ಸೀಸೆ ಮುಗಿದವು. ನಲವತ್ತೇಳೂ ಸಾಮಾನ್ಯ ತಳಿಯೂ ಒಂದೇ ಥರ. ಹತ್ತರಲ್ಲಿ ಒಂಬತ್ತು ಕಣಜ ಜೀವಂತ. ತಟ್ಟೆಯಲ್ಲಿದ್ದ ಪೊಗಾಚ ಯಾವಾಗ ತಿಂದು ಮುಗಿಸಿದೆನೋ ಗೊತ್ತಾಗಲಿಲ್ಲ.

ಆ ವಾರವೆಲ್ಲ ತಪ್ಪು ಹುಡುಕಿದೆ. ಬೇರೆ ನೊಣ ಬೆರೆತಿರಬಹುದೆ? ಇಲ್ಲ, ನಲವತ್ತೇಳರ ಕಣ್ಣು ಕಿತ್ತಳೆ ಬಣ್ಣದ್ದು, ಎಲ್ಲವೂ ಕಿತ್ತಳೆಯೇ. ಮುರಿದ ಜೀನು ಕೂಡಿಕೊಂಡಿತೆ? ಡಿಎನ್‌ಎ ಓದಿಸಿದೆ, ಮುರಿದೇ ಇತ್ತು. ಕಣಜಗಳು ಬದಲಾದವೆ? ಅವೇ ಕಣಜಗಳು. ಬೆಚ್ಚಗಿನ ಕೋಣೆಯ ಶಾಖ ಇಪ್ಪತ್ತೈದು, ಅಕ್ಟೋಬರಿನಲ್ಲೂ ಇಪ್ಪತ್ತೈದು. ಅಕ್ಟೋಬರಿನಲ್ಲಿ ಇದ್ದು ಈಗ ಇಲ್ಲದಿದ್ದದ್ದು ಒಬ್ಬರು ಮಾತ್ರ. ಪಿರೋಷ್ಕಾ ಚಿಕ್ಕಮ್ಮ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮೂರು ವಾರ ರಜೆ ಹಾಕಿದ್ದರು. ಅದನ್ನು ಪಟ್ಟಿಯಲ್ಲಿ ಬರೆಯಬೇಕು ಅಂತ ನನಗೆ ಹೊಳೆಯಲಿಲ್ಲ. ಅವರಿಲ್ಲದಾಗ ಕಾಫಿಯೂ ಕೆಟ್ಟದಾಗಿತ್ತು, ಅದನ್ನೂ ಬರೆದಿರಲಿಲ್ಲ.

ಪಿರೋಷ್ಕಾ ಚಿಕ್ಕಮ್ಮ ನಮ್ಮ ನೊಣಗಳಿಗೆ ಅಡುಗೆ ಮಾಡುವವರು. ಮೂವತ್ತೊಂದು ವರ್ಷದಿಂದ ಮಾಡುತ್ತಿದ್ದಾರೆ. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಗಟ್ಟಿಯಾಗಲು ಅಗರ್. ದೊಡ್ಡ ಪಾತ್ರೆಯಲ್ಲಿ ಕುದಿಸಿ ವಾರಕ್ಕೊಮ್ಮೆ ಎಂಟುನೂರು ಸೀಸೆಗೆ ಎರಡು ಬೆರಳಿನಷ್ಟು ಸುರಿಯುವುದು. ಎರಡು ವಾರಕ್ಕೊಮ್ಮೆ ಪ್ರತಿ ತಳಿಯನ್ನೂ ಹಳೆಯ ಸೀಸೆಯಿಂದ ಹೊಸದಕ್ಕೆ ಕುಟ್ಟಿ ಇಳಿಸುವುದು. ಇನ್ನೂರು ತಳಿಗಳಿಗೂ ಅವರು ಒಂದೊಂದು ಅಡ್ಡಹೆಸರಿಟ್ಟಿದ್ದರು. ಅವರ ರಜೆಯಲ್ಲಿ ಈ ಕೆಲಸ ನಾನು ಮಾಡಿದೆ. ಗೋಡೆಯ ಮೇಲೆ ಅಂಟಿಸಿದ ಹಾಳೆ ನೋಡಿಕೊಂಡು, ಗ್ರಾಂ ಲೆಕ್ಕದಲ್ಲಿ ತೂಗಿ.

ಸೋಮವಾರ ಬೆಳಿಗ್ಗೆ ಅವರು ಬಂದರು. ಕಪ್ಪು ಕನ್ನಡಕ, ಕೋಟಿನ ಜೇಬಿನಲ್ಲಿ ಕಣ್ಣಿನ ಹನಿ. ನಾನು ಅಡುಗೆಮನೆಗೆ ಹೋದಾಗ ಅವರು ನನ್ನ ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುತ್ತಿದ್ದರು.

"ಬಾ ಡಾಕ್ಟರಮ್ಮ. ತಳ ಹಿಡಿಸಿದೀಯ. ಮೂರು ವಾರ ಮೂರು ಸಲಾನೂ ಹಿಡಿಸಿದೀಯ, ಪದರ ಎಣಿಸಬೋದು."

"ಕಣ್ಣು ಹೇಗಿದೆ ಚಿಕ್ಕಮ್ಮ?"

"ಕಾಣಿಸ್ತದೆ. ಕನ್ನಡೀಲಿ ನೋಡಿಕೊಂಡೆ, ಯಾಕಾದ್ರೂ ತೆಗೆಸಿದ್ನೋ ಅನ್ನಿಸ್ತು." ಕೈ ಒರೆಸಿಕೊಂಡು ಸೀಸೆಗಳ ಕಪಾಟಿನ ಹತ್ತಿರ ಹೋದರು. ಒಂದೊಂದೇ ತಟ್ಟೆ ಎಳೆದು, ಕನ್ನಡಕ ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಕುಂಟ ಚೆನ್ನಾಗವ್ನೆ. ಗುಂಗುರು ಕೂದಲವಳೂ ಸರಿ." ಮುಂದಿನ ಸೀಸೆಯನ್ನು ಎರಡು ಸಲ ತಿರುಗಿಸಿದರು. "ಈ ಅಳುಬುರುಕಿಗೆ ಏನು ಹಾಕ್ದೆ?"

ಅವರ ಕೈಯಲ್ಲಿದ್ದದ್ದು ನಲವತ್ತೇಳು.

"ಎಲ್ಲಕ್ಕೂ ಹಾಕಿದ್ದೇ ಹಾಕ್ದೆ."

"ಅದಕ್ಕೇ ಹಿಂಗೆ ಸೊರಗಿವೆ. ನೋಡು, ಗೋಡೆ ಹತ್ತೋಕೂ ತ್ರಾಣ ಇಲ್ಲ. ಹೋಗೋ ಆತುರದಲ್ಲಿ ನಿಂಗೆ ಹೇಳೋದು ಮರೆತೆ. ಡಬ್ಬಿ ಇಲ್ಲೇ ಇತ್ತಲ್ಲ."

"ಯಾವ ಡಬ್ಬಿ?"

ಅವರು ಫ್ರಿಜ್ಜಿನ ಕೆಳಗಿನ ಅರೆ ತೆಗೆದು, ಯೀಸ್ಟಿನ ಪೊಟ್ಟಣಗಳ ಹಿಂದೆ ಕೈ ಹಾಕಿ, ಉಪ್ಪಿನಕಾಯಿಯ ಗಾಜಿನ ಭರಣಿ ಒಂದನ್ನು ತೆಗೆದರು. ಸೌತೆಕಾಯಿಯ ಚಿತ್ರ ಇನ್ನೂ ಅಂಟಿಕೊಂಡಿತ್ತು. ಒಳಗೆ ಕಂದುನೇರಳೆ ಬಣ್ಣದ ಗಂಜಿಯಂಥದು. ಮುಚ್ಚಳ ತಿರುಗಿಸಿದ ಕೂಡಲೇ ಉಸ್ಸೆಂದಿತು. ವಾಸನೆ ಗೊತ್ತಾಗಲು ಮೂಗು ಹತ್ತಿರ ಒಯ್ಯಬೇಕಿರಲಿಲ್ಲ.

ಪ್ಲಮ್ ಹಣ್ಣಿನ ಕೊಳೆ. ಪಾಲಿಂಕಾ ಸಾರಾಯಿ ಇಳಿಸುವ ಮೊದಲು ಪೀಪಾಯಿಯಲ್ಲಿ ಹುದುಗು ಬರಿಸುವ ಹಣ್ಣು.

"ನಮ್ಮ ಭಾವನದು," ಎಂದರು. "ನಮ್ಮೂರು ಕಿಶ್‌ಸಿಲ್ವಾಶ್‌ನಲ್ಲಿ ಇಂಥ ಪ್ಲಮ್ ಇನ್ನೊಬ್ಬನ ತೋಟದಲ್ಲಿಲ್ಲ. ಭಟ್ಟಿಯಲ್ಲಿ ನಮ್ಮ ಸರದಿ ಕ್ರಿಸ್ಮಸ್ ಹತ್ರ, ಅಲ್ಲೀವರೆಗೆ ಪೀಪಾಯಿ ಸುಮ್ಮನೆ ಕೂತಿರ್ತದೆ. ಒಂದು ಭರಣಿ ತಂದ್ರೆ ಅವನಿಗೇನು ನಷ್ಟ? ಅವನೇ ದಿನಾ ಎರಡು ಲೋಟ ರುಚಿ ನೋಡ್ತಾನೆ, ಹದ ಬಂತಾ ಅಂತ."

"ಇದನ್ನ ನೊಣಕ್ಕೆ ಹಾಕ್ತಿದ್ರಾ?"

"ಎಲ್ಲಕ್ಕೂ ಅಲ್ಲ. ಸೊರಗಿರೋವಕ್ಕೆ. ಈ ಅಳುಬುರುಕಿ ಆಗಸ್ಟಿನಲ್ಲಿ ಸಾಯೋಕೆ ಬಿದ್ದಿತ್ತು, ನೀನೇ ಬಂದು ಹೇಳ್ದೆ, ಚಿಕ್ಕಮ್ಮ ಇದೊಂದು ಉಳಿಸಿಕೊಡಿ, ಇದು ಹೋದ್ರೆ ನಾನೂ ಹೋದೆ ಅಂತ. ನಿನ್ನ ಮುಖ ನೋಡೋಕಾಗ್ತಿರಲಿಲ್ಲ. ಸರಿ, ಊಟ ಗಟ್ಟಿಯಾದ ಮೇಲೆ ಮೇಲ್ಗಡೆ ಎರಡು ಚಮಚ ಬಿಟ್ಟೆ. ಎರಡು ವಾರಕ್ಕೆ ಎದ್ದು ಕೂತವು. ನೊಣಕ್ಕೆ ಬೇಕಾದ್ದು ಕೊಳೆತ ಹಣ್ಣು, ನಿನ್ನ ಅಗರ್ ಅಲ್ಲ. ಪೀಪಾಯಿ ಮುಚ್ಚಳ ತೆಗೆದ್ರೆ ಎಲ್ಲಿಂದ ಬರ್ತಾವೋ ಮೋಡದ ಹಾಗೆ ಬರ್ತಾವೆ. ಮನುಷ್ಯರಿಗೂ ಅದೇ. ನಮ್ಮಜ್ಜಿಗೆ ಟಿಸಾ ಹೊಳೆ ದಂಡೆಯ ಚಳಿಜ್ವರ ಬಂದಿತ್ತು, ದಿನ ಬಿಟ್ಟು ದಿನ ನಡುಗ್ತಿದ್ಲು. ಕೊಯಿನಾ ಗುಳಿಗೆ ಯಾರ ಹತ್ರ ಇತ್ತು? ಪಾಲಿಂಕಾಕ್ಕೆ ಮೆಣಸು ಹಾಕಿ ಕುಡಿಸಿದ್ರು. ಎಂಬತ್ತೆಂಟು ವರ್ಷ ಬದುಕಿದ್ಲು."

"ಪರೀಕ್ಷೆಗೆ ಅಂತ ತೆಗೆದಿಟ್ಟ ಸೀಸೆಗಳಿಗೂ ಹಾಕಿದ್ರಾ?"

"ನಲವತ್ತೇಳು ಅಂತ ಬರೆದಿದ್ದ ಎಲ್ಲಕ್ಕೂ. ಪರೀಕ್ಷೆ ದಿನ ಮಕ್ಕಳನ್ನ ಉಪವಾಸ ಕಳಿಸ್ತಾರಾ?"

"ಪಕ್ಕದ ತಟ್ಟೇಲಿದ್ದ ಸಾಮಾನ್ಯ ನೊಣಕ್ಕೆ?"

"ಅವು ದುಂಡಗವೆ. ಅವಕ್ಕೆ ಯಾಕೆ?"

ನಾನು ಕೂತುಕೊಂಡೆ. ಅಡುಗೆಮನೆಯಲ್ಲಿ ಇದ್ದ ಒಂದೇ ಸ್ಟೂಲು ಸಕ್ಕರೆ ಮೂಟೆಯ ಪಕ್ಕದಲ್ಲಿತ್ತು. ನಲವತ್ತೇಳರ ಸೀಸೆಗಳಲ್ಲಿ ಊಟದ ಮೇಲ್ಪದರ ಸ್ವಲ್ಪ ಕಂದಾಗಿದ್ದದ್ದು ನನಗೆ ನೆನಪಿತ್ತು. ಮೂರು ತಿಂಗಳು ಕಂಡಿದ್ದೆ. ಯೀಸ್ಟು ಅಂದುಕೊಂಡಿದ್ದೆ. ನಮ್ಮ ಮಹಡಿ ಯಾವಾಗಲೂ ಹುಳಿಹುಳಿ ವಾಸನೆ ಬರುವ ಮಹಡಿ, ಅಲ್ಲಿ ಒಂದು ಭರಣಿ ಕೊಳೆಯ ವಾಸನೆ ಯಾರಿಗೆ ಗೊತ್ತಾಗುತ್ತದೆ?

"ಯಾಕೆ ಬಿಳಿಚಿಕೊಂಡೆ?" ಎಂದರು ಪಿರೋಷ್ಕಾ ಚಿಕ್ಕಮ್ಮ. "ಒಂದು ಗುಟುಕು ಹಾಕ್ತೀಯಾ? ಇದಿನ್ನೂ ಇಳಿಸಿಲ್ಲ, ಹೊಟ್ಟೆ ಗುಡುಗುಡು ಅಂತದೆ, ಅಷ್ಟೇ."

ಅವತ್ತೇ ಮಧ್ಯಾಹ್ನ ಇಪ್ಪತ್ತು ಸೀಸೆ ಸಿದ್ಧ ಮಾಡಿದೆ. ಹತ್ತರಲ್ಲಿ ನಲವತ್ತೇಳು, ಹತ್ತರಲ್ಲಿ ಸಾಮಾನ್ಯ ತಳಿ. ಎರಡರಲ್ಲೂ ಅರ್ಧಕ್ಕೆ ಕೊಳೆ, ಅರ್ಧಕ್ಕೆ ನೀರು. ಚಿಕ್ಕಮ್ಮನ ಕೈಯಿಂದಲೇ ಎರಡೆರಡು ಚಮಚ ಬಿಡಿಸಿದೆ. ದುಂಡಗಿರುವ ನೊಣಕ್ಕೆ ಕೊಳೆ ಸುರಿಯುವಾಗ ಅವರು ಗೊಣಗಿದರು. ಕಣಜ ಬಿಟ್ಟೆ, ಆರು ಗಂಟೆಯ ಹೊತ್ತು ಚುಚ್ಚಲು ಬಿಟ್ಟು ಹೊರಗೆ ತೆಗೆದೆ. ಶುಕ್ರವಾರ ಬೆಳಿಗ್ಗೆ ಹುಳಗಳನ್ನು ಸೀಳಿದೆ.

ನೀರು ಹಾಕಿದ ಸೀಸೆಗಳಲ್ಲಿ ಕಣಜಗಳೆಲ್ಲ ಬಾಲ ಆಡಿಸುತ್ತಿದ್ದವು, ಜೀನು ಮುರಿದಿರಲಿ ಬಿಡಲಿ. ಕೊಳೆ ಹಾಕಿದ ಸೀಸೆಗಳಲ್ಲಿ ಒಳಗು ಹೊರಗಾಗಿ ಸತ್ತು ಬಿದ್ದಿದ್ದವು, ಜೀನು ಮುರಿದಿರಲಿ ಬಿಡಲಿ. ಕೊಂದದ್ದು ರಕ್ತವಲ್ಲ. ನೊಣ ಕುಡಿದಿತ್ತು. ನೊಣ ಹೆಂಡ ತಡೆದುಕೊಳ್ಳುತ್ತದೆ, ಅದು ಹುಟ್ಟಿ ಬೆಳೆಯುವುದೇ ಕೊಳೆತ ಹಣ್ಣಿನಲ್ಲಿ. ಕಣಜದ ಮರಿ ತಡೆದುಕೊಳ್ಳುವುದಿಲ್ಲ. ನನ್ನ ಜೀನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಎರಡು ದಿನ ಮನೆಯಲ್ಲಿ ಕೂತೆ. ಏನು ಮಾಡಿದೆ ಎಂದು ಕೇಳಿದರೆ, ಒಲೆ ತೊಳೆದೆ. ಸೋಮವಾರ ಪ್ರೊಫೆಸರ್ ಹೊರ್ಕಾಯ್ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ, ಭರಣಿಯ ಮೇಲಿನ ಸೌತೆಕಾಯಿ ಸಮೇತ.

ಅವರು ಮೊದಲು ನಕ್ಕರು. ಆಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗೆ ಸೈಕಲ್ ನಿಲ್ಲಿಸುವ ಜಾಗ, ಅದರಾಚೆ ದಂಡೆ, ಅದರಾಚೆ ನದಿ ಕಾಣದಷ್ಟು ಮಂಜು.

"ಬೇರೆ ಯಾರಿಗೆ ಗೊತ್ತು?"

"ನಂಗೆ. ನಿಮಗೆ. ಚಿಕ್ಕಮ್ಮಂಗೆ ತಾನು ಮಾಡಿದ್ದು ಗೊತ್ತು, ಅದರಿಂದ ಏನಾಯ್ತು ಅಂತ ಗೊತ್ತಿಲ್ಲ."

"ಶುಕ್ರವಾರದ ಪರೀಕ್ಷೆ?"

"ನನ್ನ ನೋಟ್‌ಬುಕ್ಕಲ್ಲಿದೆ."

"ಐದೈದು ಸೀಸೆ. ಅದು ಪರೀಕ್ಷೆ ಅಲ್ಲ, ಅಂದಾಜು." ತಿರುಗಿ ನನ್ನತ್ತ ನೋಡಿದರು. "ನೋಡಮ್ಮ, ಯೋಚನೆ ಮಾಡು. ಅಕ್ಟೋಬರಿನಲ್ಲಿ ಎಲ್ಲ ಸೀಸೆಗೂ ಒಂದೇ ಊಟ ಇತ್ತು, ಎಲ್ಲಕ್ಕೂ ಆ ಪ್ಲಮ್ ಬಿದ್ದಿತ್ತು ಅಂತಿಟ್ಟುಕೋ. ಆಗ ಏನರ್ಥ? ಸಾಮಾನ್ಯ ನೊಣ ಕುಡಿದ್ರೂ ಸೋಲ್ತು, ನಿನ್ನ ನೊಣ ಕುಡಿದು ಗೆಲ್ತು. ಮೊನ್ನೆ ಪ್ಲಮ್ ಇರಲಿಲ್ಲ, ಅದಕ್ಕೇ ಫಲಿತಾಂಶ ಬರಲಿಲ್ಲ. ಜೀನೂ ಬೇಕು, ಹೆಂಡಾನೂ ಬೇಕು. ಇದು ಮೊದಲಿಗಿಂತ ಚೆಂದದ ಕಥೆ."

"ಆದರೆ ಬಿದ್ದಿರಲಿಲ್ಲ ಸರ್."

"ಹಾಗಂತ ಯಾರು ಬರೆದಿಟ್ಟಿದಾರೆ? ಯಾರೂ ಬರೆದಿಟ್ಟಿಲ್ಲ. ಆಕೆ ನೆನಪಿನಿಂದ ಹೇಳ್ತಿರೋದು. ಎಂಟುನೂರು ಸೀಸೆ, ಕಣ್ಣಲ್ಲಿ ಪೊರೆ. ಎಲ್ಲಕ್ಕೂ ಹಾಕಿರಬಹುದು ಅಂತ ಆಕೆ ಒಂದು ಮಾತು ಬರೆದುಕೊಟ್ಟರೆ ಸಾಕು. ಗುರುವಾರ ಕಳೆದ ಮೇಲೆ ನೀನು ನಿಧಾನವಾಗಿ, ಸರಿಯಾಗಿ, ನೂರು ಸೀಸೆ ಹಾಕಿ ಮಾಡು. ಏನು ಬರುತ್ತೋ ಅದನ್ನೇ ಅಚ್ಚು ಹಾಕೋಣ. ನಾನು ನಿಂಗೆ ಸುಳ್ಳು ಹೇಳು ಅಂತಿಲ್ಲ, ಒಂದು ವಾರ ಸಮಯ ತಗೋ ಅಂತಿದೀನಿ."

ಅವರು ಕೂತು, ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಟೈಪ್ ಮಾಡಿ, ಕೆಳಗೆ ಚಿಕ್ಕಮ್ಮನ ಸಹಿಗೆ ಜಾಗ ಬಿಟ್ಟು, ಮುದ್ರಿಸಿ, ನನ್ನ ಮುಂದಿಟ್ಟರು.

"ಹಸ್ತಪ್ರತೀಲಿ ಆಕೆ ಹೆಸರೂ ಹಾಕು. ಕೊನೇಲಿ ಕೃತಜ್ಞತೆ ಅಂತ ಅಲ್ಲ. ಮೇಲೆ, ನಮ್ಮ ಜೊತೆ. ಮೂವತ್ತು ವರ್ಷದಲ್ಲಿ ಇದನ್ನ ಯಾರೂ ಆಕೆಗೆ ಕೊಟ್ಟಿಲ್ಲ. ಕೊಡಬೇಕಾದ್ದೇ. ನೀನೇ ಹೋಗಿ ಕೇಳು, ನಿನ್ನ ಮಾತು ಕೇಳ್ತಾರೆ."

ಆ ಹಾಳೆಯನ್ನು ನಾನು ತೆಗೆದುಕೊಂಡೆ. ಅವರು ಒತ್ತಾಯಿಸಿದರು ಎಂದು ಹೇಳಬಹುದು, ಆದರೆ ಒತ್ತಾಯಿಸಲಿಲ್ಲ. ಮೆಟ್ಟಿಲಿಳಿಯುವಾಗ ಅದನ್ನು ಮಡಿಸಲಿಲ್ಲ ಕೂಡ. ಮಡಿಸಿದರೆ ಗೆರೆ ಬೀಳುತ್ತದೆ, ಚೆನ್ನಾಗಿ ಕಾಣುವುದಿಲ್ಲ ಅಂದುಕೊಂಡೆ. ಮಂಗಳವಾರ ಮಧ್ಯಾಹ್ನದವರೆಗೆ ಅದು ನನ್ನ ಡ್ರಾಯರಿನಲ್ಲಿತ್ತು. ಅಷ್ಟರಲ್ಲಿ ಗುರುವಾರ ಹೇಳಬೇಕಾದ ಮಾತನ್ನು ಮೂರು ಸಲ ಓದಿ ಅಭ್ಯಾಸ ಮಾಡಿದ್ದೆ. ಹೊಸ ಕಥೆಯ ಪ್ರಕಾರ.

ಪಿರೋಷ್ಕಾ ಚಿಕ್ಕಮ್ಮ ಊಟ ಸುರಿಯುತ್ತಿದ್ದರು. ಪಾತ್ರೆಯಿಂದ ರಬ್ಬರ್ ಕೊಳವೆ, ಕೊಳವೆಯ ತುದಿಯಲ್ಲಿ ಹಿಡಿಕೆ, ಒಂದು ಅಮುಕು ಒಂದು ಸೀಸೆ. ಕಪ್ಪು ಕನ್ನಡಕ ತೆಗೆದಿದ್ದರು. ಎಣಿಸುತ್ತಲೂ ಇರಲಿಲ್ಲ, ಕೈ ತಾನೇ ಹೋಗುತ್ತಿತ್ತು.

"ಒಂದು ನಿಮಿಷ ಚಿಕ್ಕಮ್ಮ."

"ಗಟ್ಟಿಯಾಗ್ತದೆ. ನೀ ಹೇಳು, ಕಿವಿಗೆ ಪೊರೆ ಬಂದಿಲ್ಲ."

ಹೇಳಿದೆ. ಎಲ್ಲವನ್ನೂ ಹೇಳಿದೆ. ಕಣಜ ಯಾಕೆ ಸತ್ತಿತು, ಗುರುವಾರ ಏನಿದೆ, ಜಾಗ ಸಿಗದಿದ್ದರೆ ನಾನು ಎಲ್ಲಿಗೆ ಹೋಗಬೇಕು, ಹಾಳೆಯಲ್ಲಿ ಏನಿದೆ. ಅವರು ನಡುವೆ ಒಂದೇ ಒಂದು ಸಲ ನಿಲ್ಲಿಸಿದರು, ಕಣಜ ಸತ್ತದ್ದು ಕೊಳೆಯಿಂದ ಎಂದಾಗ.

"ಹೌದಾ? ಕುಡಿದು ಸತ್ತವಾ?"

"ಅವು ಕುಡೀಲಿಲ್ಲ. ನೊಣ ಕುಡೀತು, ಅವು ಸತ್ತವು."

"ನಮ್ಮ ಬೀದೀಲೂ ಅಂಥವು ಇದಾವೆ. ಗಂಡ ಕುಡೀತಾನೆ, ಹೆಂಡ್ತಿ ಸಾಯ್ತಾಳೆ." ಮತ್ತೆ ಅಮುಕಿದರು. "ಭಾವಂಗೆ ಹೇಳ್ತೀನಿ. ತನ್ನ ಪ್ಲಮ್ಮು ಔಷಧಿ ಅಂತ ಊರೆಲ್ಲ ಹೇಳಿಕೊಂಡು ತಿರುಗ್ತಾನೆ."

ಪಾತ್ರೆ ಖಾಲಿಯಾದ ಮೇಲೆ ಕೊಳವೆಯನ್ನು ಬಿಸಿನೀರಿಗೆ ಹಾಕಿ, ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ಕಿಟಕಿಯ ಹತ್ತಿರ ಹೋಗಿ ಓದಿದರು. ಹೊಸ ಕಣ್ಣಿನಿಂದ ಹತ್ತಿರದ್ದು ಓದಲು ಇನ್ನೂ ಅಭ್ಯಾಸವಾಗಿರಲಿಲ್ಲ, ಹಾಳೆಯನ್ನು ಹತ್ತಿರ ತಂದರು, ದೂರ ಹಿಡಿದರು.

"ನನ್ನ ಹೆಸರು ಎಲ್ಲಿ ಬರ್ತದೆ?"

"ಮೊದಲನೇ ಪುಟದಲ್ಲಿ. ಶೀರ್ಷಿಕೆ ಕೆಳಗೆ. ಮೊದಲು ನಾನು, ಆಮೇಲೆ ನೀವು, ಕೊನೇಲಿ ಪ್ರೊಫೆಸರ್ರು."

"ಪೂರ್ತಿ ಹೆಸರಾ?"

"ಪೂರ್ತಿ. ಗಂಡನ ಹೆಸರು ಸೇರಿಸಿ ಬಾರ್ನಾ ಲಾಯೋಶ್ನೆ ಪಿರೋಷ್ಕಾ ಅಂತ ಬೇಕಾ, ತವರಿನ ಹೆಸರು ಬೇಕಾ, ನೀವೇ ಹೇಳಿ."

"ತವರಿಂದು," ಎಂದರು ತಡಮಾಡದೆ. "ಲಾಯೋಶ್ ನೊಣ ಹೊಡೀತಿದ್ದ, ಸಾಕ್ತಿರಲಿಲ್ಲ." ಹಾಳೆಯನ್ನು ಇನ್ನೊಮ್ಮೆ ನೋಡಿದರು. "ಅಂಗಡಿ ಮರ್ಗಿತ್ ಇದಾಳಲ್ಲ, ಅವಳ ಮಗಳ ಹೆಸರು ಒಂದು ಸಲ ಪೇಪರಲ್ಲಿ ಬಂದಿತ್ತು. ಬಸ್ಸಿಂದ ಬಿದ್ದಿದ್ಲು. ಆ ಪೇಪರು ಇನ್ನೂ ಗೋಡೆ ಮೇಲಿದೆ." ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು. "ಇದು ಎಷ್ಟು ದಿನ ಇರ್ತದೆ? ಹೆಸರು?"

"ಯಾವಾಗಲೂ ಇರುತ್ತೆ. ತೆಗೆಯೋಕಾಗಲ್ಲ."

ನನ್ನ ಜೇಬಿನಲ್ಲಿ ಪೆನ್ನಿತ್ತು. ಅದನ್ನು ತೆಗೆದು ಅವರ ಪಕ್ಕದ ಕಿಟಕಿಕಟ್ಟೆಯ ಮೇಲಿಟ್ಟೆ. ಅವರು ತೆಗೆದುಕೊಂಡರು. ನನ್ನ ಎದೆ ಹಗುರಾಯಿತು, ಅದನ್ನು ಈಗ ಒಪ್ಪಿಕೊಳ್ಳಬೇಕು. ಅವರು ಪೆನ್ನಿನ ಹಿಂತುದಿಯಿಂದ ಹಾಳೆಯ ಎರಡನೇ ಸಾಲನ್ನು ಮುಟ್ಟಿದರು.

"ಇಲ್ಲಿ ಬರೆದೈತಲ್ಲ, 'ಎಲ್ಲ ತಳಿಗಳಿಗೂ ಸಮಾನವಾಗಿ' ಅಂತ. ಅಂದ್ರೆ ನಾನು ದುಂಡಗಿರೋವಕ್ಕೂ ಹಾಕ್ದೆ ಅಂತ ತಾನೆ?"

"ಹಾಕಿರಬಹುದು ಅಂತ."

"ಹಾಕಿಲ್ಲ."

"ಗೊತ್ತು ಚಿಕ್ಕಮ್ಮ. ಆದರೆ ಎಂಟುನೂರು ಸೀಸೆ, ಕಣ್ಣು ಬೇರೆ ಮಂಜಾಗಿತ್ತು, ಮರೆತು ಕೈತಪ್ಪಿ ಒಂದೆರಡಕ್ಕೆ…"

"ಕೈತಪ್ಪಿ?" ಅವರು ನನ್ನ ಕಡೆ ತಿರುಗಿದರು. ಸಿಟ್ಟು ಬಂದಿರಲಿಲ್ಲ. ನಾನು ತಳ ಹಿಡಿಸಿದ ಪಾತ್ರೆಯನ್ನು ನೋಡಿದ ಹಾಗೆ ನೋಡಿದರು. "ಕಣ್ಣು ಮಂಜಾಗಿದ್ದಾಗ ವಾಸನೆ ನೋಡಿ ಹಾಕ್ತಿದ್ದೆ ನಾನು. ಮೂವತ್ತೊಂದು ವರ್ಷದಲ್ಲಿ ಒಂದು ತಳೀನ ಇನ್ನೊಂದರ ಸೀಸೆಗೆ ಇಳಿಸಿಲ್ಲ. ನಿಮ್ಮ ಡಾಕ್ಟರುಗಳು ಇಳಿಸಿದಾರೆ, ನಾನು ಒಂದೊಂದೇ ಹೆಕ್ಕಿ ಬೇರೆ ಮಾಡಿದೀನಿ. ಯಾವುದಕ್ಕೆ ಏನು ಹಾಕ್ದೆ ಅಂತ ಇವತ್ತೂ ಹೇಳ್ತೀನಿ, ಕೇಳು. ಕುಂಟಂಗೆ ಸಕ್ಕರೆ ಕಮ್ಮಿ. ಅಳುಬುರುಕಿಗೆ ಪ್ಲಮ್ಮು. ಉಳಿದವಕ್ಕೆ ಗೋಡೆ ಮೇಲಿರೋದು."

"ಸಕ್ಕರೆ ಕಮ್ಮಿ ಅಂತ ನಂಗೆ ಗೊತ್ತಿರಲಿಲ್ಲ."

"ನೀ ಕೇಳಿಲ್ಲ."

ಕಾರಿಡಾರಿನಲ್ಲಿ ಯಾರೋ ಗಾಡಿ ತಳ್ಳಿಕೊಂಡು ಹೋದರು, ಸೀಸೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

"ಚಿಕ್ಕಮ್ಮ, ಒಂದು ವಾರದ ಮಾತು. ಆಮೇಲೆ ನಾನೇ ಸರಿ ಮಾಡ್ತೀನಿ. ಇಲ್ಲದಿದ್ದರೆ ಜನವರಿಯಲ್ಲಿ ನಾನಿಲ್ಲ, ಈ ತಳೀನೂ ಇಲ್ಲ, ಬಿಸಿನೀರಿಗೆ ಸುರೀತಾರೆ."

"ಗೊತ್ತು. ಸುರಿಯೋದು ನಾನೇ ಅಲ್ವಾ." ಅವರು ನನ್ನ ತೋಳು ಮುಟ್ಟಿದರು. ಕೈ ಇನ್ನೂ ಒದ್ದೆಯಿತ್ತು. "ನಿಂಗೆ ಕೆಲಸ ಸಿಗಲಿ ಅಂತ ನಂಗಿಲ್ವಾ? ಬೇರೆ ಏನು ಬೇಕು ಕೇಳು. ಗುರುವಾರ ಆ ಐದು ಜನದ ಮುಂದೆ ಬಂದು ನಿಂತ್ಕೋ ಅಂದ್ರೆ ನಿಂತ್ಕೋತೀನಿ, ತಪ್ಪು ನಂದು, ಹುಡುಗೀದಲ್ಲ ಅಂತೀನಿ. ಭರಣಿ ತಂದು ತೋರಿಸ್ತೀನಿ. ಬೈಯಲಿ."

"ಅದರಿಂದ ಜಾಗ ಸಿಗಲ್ಲ."

"ಸಿಗಲ್ಲ," ಎಂದು ಒಪ್ಪಿದರು.

"ಹಾಗಾದರೆ ಸಹಿ ಹಾಕಿ. ನಿಮ್ಮ ಹೆಸರು ಅಲ್ಲಿ ಬರಬೇಕಾದ್ದೇ, ಅದಂತೂ ಸುಳ್ಳಲ್ಲ."

ಅವರು ಹಾಳೆಯನ್ನು ನನ್ನ ಕೈಗೆ ಕೊಟ್ಟರು, ಅದರ ಮೇಲೆ ಪೆನ್ನನ್ನೂ.

"ಹಾಕಲ್ಲ," ಎಂದರು. "ಮಾಡದ್ದನ್ನ ಮಾಡ್ದೆ ಅಂತ ಹೇಳಿ ಬರೋ ಹೆಸರೂ ಬೇಡ ನಂಗೆ."